ನನ್ನ ಸೆರಗು ಹಿಡಿದು ಬಂದ ಗಾಡಿಗಳು

ಹೋದ ವರ್ಷ ಯುಗಾದಿ ಮುಗಿದ ಮರುವಾರ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುವ ಮೊಮ್ಮಗಳು ನಿಧಿ, "ಅಜ್ಜಿ, ನಾಳೆ ಭದ್ರಾವತಿ ನ್ಯೂಟೌನಲ್ಲಿ ನಮ್ಮ ಪ್ರಾಜೆಕ್ಟ್ ಟೆಸ್ಟ್. ನೀವೆಲ್ಲ ಇದ್ದ ಕ್ವಾರ್ಟರ್ಸ್ ಹತ್ರಾನೇ. ಬರ್ತೀಯಾ?" ಎಂದಳು. ಬೇಡವೆನ್ನುತ್ತೇನೆಯೇ! ನಾನು ಸಂಸಾರ ಹೂಡಿದ ಊರು ಅದು. ಹಬ್ಬದ ಕೇಸರಿ ಸೀರೆಯನ್ನೇ ಮತ್ತೆ ಉಟ್ಟು ಹೊರಟೆ.

ಪ್ರಾಜೆಕ್ಟ್ ಎಂದರೆ ಡ್ರೈವರ್ ಇಲ್ಲದ, ಮೊಣಕಾಲೆತ್ತರದ ನಾಲ್ಕು ಗಾಡಿಗಳು. ಸೋ ಕ್ಯೂಟ್! ನಿಧಿ ಕೇಸರಿ ಜಾಕೆಟ್ ಹಾಕಿ ಮುಂದೆ ನಡೆಯಬೇಕು. ಮೊದಲ ಗಾಡಿಯ ಕ್ಯಾಮೆರಾ ಆ ಬಣ್ಣ ಹಿಡಿದು ಬರಬೇಕು, ಉಳಿದವು ಅದರ ಹಿಂದೆ. ಒಂದು ಹಿಂದೆ ಬಿದ್ದರೆ ಮಿಕ್ಕವು ಕಾಯಬೇಕು. ಆದರೆ ಎರಡು ಸಲ ನಡೆಸಿ ನೋಡಿದರೂ ಕೊನೆಯದು ಉಳಿದುಹೋಯಿತು, ಮೂರು ಓಡಿಹೋದವು.

"ಇನ್ನೊಂದೇ ಛಾನ್ಸ್ ಕಣಮ್ಮ. ಇಲ್ಲಾಂದ್ರೆ ಮುಂದಿನ ಸೆಮಿಸ್ಟರ್‌ಗೆ," ಎಂದರು ಅವಳ ಸರ್. ನಿಧಿಯ ಕಣ್ಣು ತುಂಬಿತ್ತು.

ಸೆಖೆಗೆ ಜಾಕೆಟ್ ತೆಗೆದಿಟ್ಟು ಅವಳು ಗಾಡಿಗಳನ್ನು ಆನ್ ಮಾಡುತ್ತಿದ್ದಳು. ಹಳೇ ಮನೆ ನೋಡಿಬರೋಣವೆಂದು ನಾನು ಅವುಗಳ ಮುಂದೆಯೇ ಹಾದು ಹೊರಟೆ.

ಅದೇ ರಸ್ತೆಯಲ್ಲಿ ದಿನಾ ಬೆಳಿಗ್ಗೆ ನಾಲ್ಕು ಮಕ್ಕಳನ್ನು ಸ್ಕೂಲ್ ಬಸ್ಸಿಗೆ ಬಿಡುತ್ತಿದ್ದೆ. ನನ್ನವು ಎರಡು, ಪಕ್ಕದ ಮನೆಯ ಸೆಲ್ವಿಯವು ಎರಡು. ನಾನು ಕಾನ್ವೆಂಟಿನಲ್ಲಿ ಓದಿದವಳಲ್ಲವೇ, "ಇನ್ ಎ ಲೈನ್, ಚಿಲ್ಡ್ರನ್!" ಎನ್ನದೆ ಹೆಜ್ಜೆ ಕಿತ್ತಿಡುತ್ತಿರಲಿಲ್ಲ. ಕೊನೆಯಲ್ಲಿ ಯಾವಾಗಲೂ ನನ್ನ ಕಿರಿಯವಳು, ನಿಧಿಯ ಅಮ್ಮ. ಕಂಡ ಹೂವೆಲ್ಲ ಅವಳಿಗೆ ಬೇಕು. ತಿರುವಿನಲ್ಲಿ ನಿಂತು, "ಎಲ್ಲರೂ ಬಂದ್ರಾ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದೆ.

ಆ ಗುಂಗಿನಲ್ಲಿದ್ದಾಗ ಹಿಂದೆ ಗುಂಯ್ ಎಂಬ ಸದ್ದು. ತಿರುಗಿದರೆ ನಾಲ್ಕೂ ಗಾಡಿಗಳು ನನ್ನ ಸೆರಗಿನ ಹಿಂದೆ!

"ಅಯ್ಯೋ, ಸಾರಿ ಮಗೂ! ನಿನ್ನ ಟೆಸ್ಟ್ ಹಾಳು ಮಾಡಿದೆ!"

ನಿಧಿ ಓಡಿಬಂದಳು. ಸರ್ ಅವಳನ್ನು ತಡೆದರು: "ಆಫ್ ಮಾಡ್ಬೇಡ! ಅಮ್ಮಾ, ನೀವು ಹಾಗೇ ನಡೀರಿ."

ಮಂಡಿನೋವಿನ ನನ್ನ ನಡಿಗೆಯಲ್ಲೇ ನಡೆದೆ. ಕೊನೆಯ ಗಾಡಿ ಮರದ ಬೇರಿಗೆ ಸಿಕ್ಕಿತು. ಮುಂದಿನ ಮೂರೂ ಗಕ್ಕನೆ ನಿಂತವು. ನಾನೂ ನಿಂತೆ. ಅದು ಒದ್ದಾಡಿ, ಬೇರು ಹತ್ತಿಳಿದು ಸಾಲು ಸೇರಿದ ಮೇಲೆಯೇ ಎಲ್ಲವೂ ಹೊರಟವು.

"ಗಾಡಿ ಸರಿಯಾಗೇ ಇದೆ ಮಾರಾಯ್ತಿ, ಓಡ್ತಿದ್ದೋಳು ನೀನು!" ಸರ್ ನಕ್ಕರು. "ಹಿಂದಿನದರ ಸಿಗ್ನಲ್ ಮುಟ್ಟೋ ಮೊದ್ಲೇ ಮುಂದಿನವು ದೂರ ಹೋಗ್ತಿದ್ವು. ಅಜ್ಜಿ ಸ್ಪೀಡಿಗೇ ಸೆಟ್ ಮಾಡು. ಈ ಟ್ರಯಲ್ಲೇ ಲೆಕ್ಕಕ್ಕೆ ತಗೋತೀನಿ."

ನಮ್ಮ ಹಳೇ ಮನೆಗೆ ಬೀಗ ಬಿದ್ದಿತ್ತು. ಗೇಟಿನ ಮುಂದೆ ನಿಂತೆ. ಗಾಡಿಗಳೂ ಸಾಲಾಗಿ ನಿಂತವು. ಬಾಯಿಗೆ ತಾನಾಗಿ ಬಂತು: "ಎಲ್ಲರೂ ಬಂದ್ರಾ?"

"ಬಂದ್ವಿ ಅಜ್ಜಿ," ಎಂದಳು ಎಲ್ಲಕ್ಕಿಂತ ಹಿಂದಿದ್ದ ನಿಧಿ. ಥೇಟ್ ಅವಳಮ್ಮನ ದನಿ. ಕೈಯಲ್ಲಿ ಹೂವೊಂದೇ ಇರಲಿಲ್ಲ.

ಈಗಲೂ ಆ ಸೀರೆ ಉಟ್ಟ ದಿನ, ರಸ್ತೆಯ ತಿರುವು ಬಂದರೆ ಒಮ್ಮೆ ಹಿಂತಿರುಗಿ ನೋಡುತ್ತೇನೆ.