ಗಿರಣಿಯ ಪಟ್ಟಾ ತಿರುಗಿದ ಮುಂಜಾನೆ

ಸೋದರತ್ತೆಯ ಊರಿಗೆ ಹಿಟ್ಟಿನ ಗಿರಣಿ ಬಂದ ವರ್ಷ ನಾನು ಬಿ.ಎ. ಓದುತ್ತಿದ್ದೆ. ಎಂಬತ್ತರ ದಶಕದ ಮಾತು. ಗ್ರಾಮೀಣ ಅಭಿವೃದ್ಧಿಯ ಮೇಲೆ ಪ್ರಭಾವ ಬೀರುವ ಅಂಶಗಳನ್ನು ನಗರದ ಗಾಜಿಪುರ ಬಡಾವಣೆಯ ನಮ್ಮ ಮಾಳಿಗೆಯ ಮೇಲೆ ಅಡ್ಡಾಡುತ್ತ ಬಾಯಿಪಾಠ ಮಾಡಿದ್ದೆ: ರಸ್ತೆ, ವಿದ್ಯುತ್ತು, ಶಿಕ್ಷಣ. ಅವು ಒಂದಕ್ಕೊಂದು ಹೆಣೆದುಕೊಂಡಿರುವುದನ್ನು ಕಂಡದ್ದು ಮಾತ್ರ ಕಮಲಾಪುರದ ಪಕ್ಕದ ಅತ್ತೆಯ ಮನೆಯಲ್ಲಿ. ಮೊದಲೆಲ್ಲ ಅತ್ತೆಯ ಮಗಳು ನಸುಕಿನಲ್ಲೇ ಎದ್ದು ಅವ್ವನ ಎದುರು ಬೀಸುಕಲ್ಲಿಗೆ ಕೂಡಬೇಕಿತ್ತು. ಕಮಲಾಪುರದ ಶಾಲೆ ಮುಟ್ಟುವಷ್ಟರಲ್ಲಿ ಎರಡು ಪಿರಿಯಡ್ ಮುಗಿದಿರುತ್ತಿದ್ದವು. ಗಿರಣಿ ಬಂದ ಮೇಲೆ ಪ್ರಾರ್ಥನೆಯ ಹೊತ್ತಿಗೇ ಮುಟ್ಟುತ್ತಿದ್ದಳು.

ಕರೆಂಟು ಹೋದರೆ ಗಿರಣಿಯವನು ಸ್ವಿಚ್ಚು ಆರಿಸುತ್ತಿರಲಿಲ್ಲ. ಕರೆಂಟು ಬಂದೊಡನೆ ಮೋಟಾರಿನಿಂದ ಚಕ್ರಕ್ಕೆ ಹಾಕಿದ ಪಟ್ಟಾ ತಾನೇ ತಿರುಗಬೇಕು, ಆ ಸದ್ದು ಕೇಳಿ ಹೆಂಗಸರು ಜೋಳದ ಬುಟ್ಟಿ ಹೊತ್ತು ಬರಬೇಕು. ಇದು ಇಡೀ ಊರಿಗೆ ರೂಢಿಯಾಗಿತ್ತು.

ಮಹಾನವಮಿಯ ಮುಂಜಾನೆ ಆಯುಧಪೂಜೆ. ಕರೆಂಟಿರಲಿಲ್ಲ. ದಸರಾ ಸೂಟಿಗೆ ಬಂದಿದ್ದ ನಾನು ಆರತಿ ತಟ್ಟೆ ಹಿಡಿದು ಗೋಡೆಯ ಪಕ್ಕ ನಿಂತಿದ್ದೆ.

"ಗಿರಣಿ ಸುರು ಆದಾಗ ಮೊದಲ್ನೇ ಬುಟ್ಟಿ ನಿಮ್ದೇ ಬಂದಿತ್ತು. ಪೂಜಾನೂ ನಿಮ್ಮ ಕೈಲೇ ಆಗ್ಲಿರಿ ಅಕ್ಕಾರ," ಎಂದ ಗಿರಣಿಯವನು.

"ಆಗ್ಲಿ ತಗೋ," ಎಂದಳು ಅತ್ತೆ, ಯಂತ್ರಕ್ಕೆ ಕುಂಕುಮ ಹಚ್ಚುತ್ತ. "ದಿನಾ ಬೀಸ್ತದ, ಒಂದಿನ ಎದುರ ಮಾತಾಡಿಲ್ಲ. ಇಂಥಾ ಸೊಸಿ ಎಲ್ಲಿ ಸಿಗ್ತಾಳ!"

ಎಲ್ಲರೂ ನಕ್ಕರು. ಚೆಂಡುಹೂವಿನ ಹಾರ ಕಟ್ಟಲು ಅವಳು ಚಕ್ರದ ಮೇಲೆ ಬಾಗಿದಳು. ಆಗಲೇ ಕರೆಂಟು ಬಂತು.

ಪಟ್ಟಾ ಹಾರವನ್ನು ನುಂಗಿತು, ಹಿಂದೆಯೇ ಸೆರಗನ್ನು ಎಳೆಯಿತು. "ಆರಸು!" ಎಂದು ಗಿರಣಿಯವನು ಕೂಗಿದ್ದು ನನಗೇ. ಸ್ವಿಚ್ಚು ನನ್ನ ಕಿವಿಯ ಪಕ್ಕದಲ್ಲಿತ್ತು. ನಾನು ಆರತಿ ತಟ್ಟೆ ಹಿಡಿದೇ ನಿಂತಿದ್ದೆ. ಅತ್ತೆಯ ಮುಖಕ್ಕೂ ಚಕ್ರಕ್ಕೂ ಗೇಣಿನ ಅಂತರ. ಅವಳೇ ನಿರಿಗೆ ಕಿತ್ತು, ಗರಗರ ತಿರುಗಿ, ಸೀರೆಯನ್ನು ಬಿಟ್ಟುಕೊಟ್ಟಳು. ಗಿರಣಿಯವನು ನನ್ನನ್ನು ನೂಕಿ ಸ್ವಿಚ್ಚು ಆರಿಸಿದ.

ಅತ್ತೆ ಲಂಗದಲ್ಲೇ ಹಿಟ್ಟಿನ ನೆಲದ ಮೇಲೆ ಕುಸಿದಿದ್ದಳು. ಗಿರಣಿಯವನು ಗೋಡೆಗೆ ಮುಖ ಮಾಡಿ, ಒಂದು ಖಾಲಿ ಚೀಲವನ್ನು ಕೈ ಹಿಂದೆ ಮಾಡಿ ಚಾಚಿದ.

ಆ ಗಳಿಗೆ ಈಗಲೂ ಮರುಕಳಿಸುತ್ತದೆ. ಒಂದು ಸಲವೂ ನನ್ನ ಕೈ ಮೇಲೇಳುವುದಿಲ್ಲ.

"ಇನ್ನ ಗಿರಣಿ ಕಡಿ ಯಾರೂ ಹೋಗೂದು ಬ್ಯಾಡ," ಎಂದ ಮಾಮ, ಅತ್ತೆಯ ಗಂಡ. ಊರ ಹೆಂಗಸರೂ ಹೆದರಿ ಬುಟ್ಟಿ ಒಳಗಿಟ್ಟರು. ಶಾಲೆಯ ಸೂಟಿ ಮುಗಿದ ದಿನ ಬೀಸುಕಲ್ಲಿನ ಸದ್ದಿಗೆ ನನಗೆ ಎಚ್ಚರವಾಯಿತು. ಅತ್ತೆಯ ಮಗಳು ಒಬ್ಬಳೇ ಬೀಸುತ್ತಿದ್ದಳು. ಅವಳ ಶಾಲೆಯ ಪಾಟೀಚೀಲ ಗೂಟದಲ್ಲೇ ಇತ್ತು.

ಅತ್ತೆ ಬಂದು ಅವಳ ಗುಳ್ಳೆ ಎದ್ದ ಅಂಗೈ ತಿರುಗಿಸಿ ನೋಡಿದಳು. ಕಲ್ಲಿನ ಮುಂದಿದ್ದ ಜೋಳ ಬಳಿದು ಬುಟ್ಟಿಗೆ ಹಾಕಿಕೊಂಡಳು.

"ಏಳು, ಸಾಲಿಗೆ ಹೋಗು," ಎಂದಳು ಮಗಳಿಗೆ. ನನಗೆ, "ನೀ ನನ್ನ ಕೂಡ ಬಾ."

ಗಿರಣಿಯವನು ಪಟ್ಟಾದ ಸುತ್ತ ಹಲಗೆ ಬಡಿದಿದ್ದ. ಅತ್ತೆ ಸೆರಗನ್ನು ಬಿಗಿಯಾಗಿ ನಡುವಿಗೆ ಸಿಕ್ಕಿಸಿಕೊಂಡು, ನನ್ನ ಕೈ ಹಿಡಿದು ಸ್ವಿಚ್ಚಿನ ಮೇಲಿಟ್ಟಳು.

"ಇಲ್ಲೇ ಇಡು. ನಾ ಅಂದಾಗ ಆರಸು. ನೀ ಇದ್ದಿ ಅಂತ ಬಂದೀನಿ ಯವ್ವಾ."

ಬೆಚ್ಚನೆಯ ಹಿಟ್ಟು ಬುಟ್ಟಿಗೆ ಬೀಳತೊಡಗಿತು. ನಾನು ಸ್ವಿಚ್ಚಿನಿಂದ ಬೆರಳು ತೆಗೆಯಲಿಲ್ಲ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕೊನೆಯ ಹಿಡಿ ಜೋಳ ಒಳಗಿಳಿದ ಮೇಲೆ, "ಆರಸು," ಎಂದಳು.

ಆರಿಸಿದೆ.