ಮಿಣುಕದ ಬಳೆ

ಕೆಲಸದ ಜಾಗದಲ್ಲಿ ಅವಳಿಗೆ ಬುಗುರಿ ಎಂದೇ ಹೆಸರು. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಲೇಸರ್ ಪ್ರದರ್ಶನಗಳಿಗೆ ಕಂಪ್ಯೂಟರಿನಲ್ಲಿ ವಿನ್ಯಾಸ ಹೆಣೆಯುವುದು ಅವಳ ಕಸುಬು. ಎರಡು ಅಲೆಗಳನ್ನು ಜೋಡಿಸಿ ಒಂದರ ವೇಗವನ್ನು ಕೂದಲೆಳೆಯಷ್ಟು ಬದಲಿಸಿದರೆ ಸಾಕು, ಗೆರೆಗಳು ಸುತ್ತಿಕೊಂಡು, ಬಿಚ್ಚಿಕೊಂಡು, ಹೂವಲ್ಲದ ಹೂವಾಗಿ ತಿರುಗುತ್ತವೆ. ಹನ್ನೊಂದು ವರ್ಷದಿಂದ ಊರೆಲ್ಲ ಬಾಯಿಬಿಟ್ಟುಕೊಂಡು ನೋಡಿದೆ. ಹೆತ್ತ ಮಗಳೊಬ್ಬಳೇ ನೋಡಿಲ್ಲ.

ನೋಡುವುದಾದರೂ ಹೇಗೆ? ಮಗಳಿಗೆ ಫಿಟ್ಸ್. ಮಿಣುಕುವ ಬೆಳಕು ಕಂಡರೆ ಕಣ್ಣು ಮೇಲಕ್ಕೆ ಹೋಗಿ ಕುಸಿದುಬಿಡುತ್ತಾಳೆ. ಆದರೂ "ಒಂದೇ ಒಂದ್ಸಲ ತೋರಿಸಮ್ಮ" ಎಂದು ಹಿಡಿದ ಹಟ ಬಿಟ್ಟಿರಲಿಲ್ಲ. ಕೊನೆಗೆ ಡಾಕ್ಟರಮ್ಮನೇ ಒಪ್ಪಿದರು. "ದೂರ ಕೂರ್ಸಿ, ಹಾಲ್‌ನಲ್ಲಿ ದೀಪ ಆರಿಸ್ಬೇಡಿ. ನಿಂತ ಬೆಳಕಾದ್ರೆ ಪರವಾಗಿಲ್ಲ, ಚೂರು ಮಿಣುಕಿದ್ರೂ ಬೇಡ."

ಭಾನುವಾರ ಪ್ರದರ್ಶನದ ಹಾಲ್ ಖಾಲಿ. ಮಗಳು ಬರುವುದು ಮೂರಕ್ಕೆ, ಇವಳು ಬೆಳಿಗ್ಗೆ ಎಂಟಕ್ಕೇ ಹಾಜರ್. ಒಂಬತ್ತು ದಳದ ವಿನ್ಯಾಸವೊಂದನ್ನು ಹೆಣೆದಳು. ಕಂಪ್ಯೂಟರಿನಲ್ಲಿ ಬೆಣ್ಣೆಯಷ್ಟು ನುಣುಪು. ಗೋಡೆಯ ಮೇಲೆ ಗಡಗಡ ನಡುಕ. ಇರುವುದೇ ಒಂದು ಕಿರಣ. ಯಂತ್ರದೊಳಗಿನ ಪುಟ್ಟ ಕನ್ನಡಿಗಳು ಅತ್ತಿತ್ತ ಹೊರಳಿ ಅದರಿಂದಲೇ ಚುಕ್ಕೆ ಚುಕ್ಕೆಯಾಗಿ ಇಡೀ ಚಿತ್ರ ಬರೆಯಬೇಕು, ಮತ್ತೆ ಮೊದಲಿಂದ ಬರೆಯಬೇಕು. ಚುಕ್ಕೆ ಹೆಚ್ಚಾದರೆ ಸುತ್ತು ನಿಧಾನವಾಗುತ್ತದೆ, ಬೆಳಕು ಮಿಣುಕುತ್ತದೆ. ಇದು ಅವಳಿಗೆ ಗೊತ್ತಿಲ್ಲದ್ದೇ? ಆದರೂ ಮಗಳ ಮುಂದೆ ಚೆನ್ನಾಗಿ ಕಾಣಲಿ ಎಂದು ದಳಗಳನ್ನು ನಯಮಾಡಲು ಹೋಗಿ ಇನ್ನೂ ಇನ್ನೂರು ಚುಕ್ಕೆ ತುಂಬಿದಳು, ಪುಣ್ಯಾತ್ಗಿತ್ತಿ! ತಾನೇ ಹೆಣೆದ ಹೂವಲ್ಲವೇ, ಹೆತ್ತವರಿಗೆ ಹೆಗ್ಗಣ ಮುದ್ದು ನೋಡಿ.

"ಮೊದಲಿಗಿಂತ ಜಾಸ್ತಿ ನಡುಗ್ತಾ ಇದೆ ಕಣೇ ಬುಗುರಿ," ಎಂದ ಯಂತ್ರ ನೋಡಿಕೊಳ್ಳುವ ಅಣ್ಣ. "ದಳ ಕಿತ್ತು ಬಿಸಾಕು."

"ಕಿತ್ರೆ ಏನಣ್ಣ ಉಳಿಯುತ್ತೆ? ಬೋಳು!"

"ಬೋಳಾದ್ರೂ ಸರಿ, ಮಗು ಬೀಳಬಾರ್ದು."

ಅವಳು ದಳ ಕೀಳತೊಡಗಿದಳು. ಒಂಬತ್ತು ಏಳಾಯಿತು, ಏಳು ಐದಾಯಿತು. ಎದ್ದಳು, ಕೂತಳು, ಗೋಡೆಯ ಹತ್ತಿರ ಹೋಗಿ ಬಂದಳು, ಉಗುರು ಕಚ್ಚಿದಳು. ಎರಡೂಮುಕ್ಕಾಲಿಗೆ ಉಳಿದದ್ದು ಒಂದೇ ಒಂದು ಹಸಿರು ಬಳೆ, ಮೆಲ್ಲಗೆ ಹಿಗ್ಗುತ್ತ ಕುಗ್ಗುತ್ತ. ಅದು ಮಾತ್ರ ಮಿಣುಕಲಿಲ್ಲ. ಕೆಲಸ ಕಲಿಯಲು ಬಂದವರು ಮೊದಲ ದಿನ ಬರೆಯುವ ಚಿತ್ರ! ಅವಳಿಗೆ ನಾಚಿಕೆಯಿಂದ ಅಳುವೇ ಬಂತು.

ಮೂರಕ್ಕೆ ಗಂಡ ಮಗಳನ್ನು ಕರೆತಂದು ಕೊನೆಯ ಸಾಲಿನಲ್ಲಿ ಕೂರಿಸಿದ. ಬುಗುರಿ ಕಿರಣ ನಿಲ್ಲಿಸುವ ಕೆಂಪು ಗುಂಡಿ ಹಿಡಿದು ಪಕ್ಕದಲ್ಲೇ ಕೂತಳು. ಬಳೆ ಗೋಡೆಯ ಮೇಲೆ ಮೂಡಿತು.

"ತಲೆ ಸುತ್ತುತ್ತಾ?"

"ಇಲ್ಲ."

"ಕಣ್ಣು ಉರಿಯುತ್ತಾ ಪುಟ್ಟಿ?"

"ಇಲ್ಲಮ್ಮಾ!"

ರೆಪ್ಪೆ ಅದುರಿತೇ? ತುಟಿ ಸೊಟ್ಟಗಾಯಿತೇ? ಅವಳು ಮಗಳ ಮುಖದಿಂದ ಕಣ್ಣು ಕೀಳಲಿಲ್ಲ.

"ಅಯ್ಯೋ ಅಮ್ಮ, ಅದು ಉಸಿರಾಡ್ತಿದೆ!" ಮಗಳು ಕಿಲಕಿಲ ನಕ್ಕು ಇತ್ತ ತಿರುಗಿದಳು. ನಗು ನಿಂತಿತು. "ನೀನು ನೋಡ್ತಾನೇ ಇಲ್ವಲ್ಲ?"

"ನಾನು ದಿನಾ ನೋಡೋದೇ ಅಲ್ವೇನೇ. ನೀನು ನೋಡು."

"ದಿನಾ ನೋಡೋದು ನನ್ನ," ಎಂದಳು ಮಗಳು. "ಮನೇಲೂ ಹೀಗೇ, ಈಗ ಬೀಳ್ತಾಳಾ, ಆಗ ಬೀಳ್ತಾಳಾ ಅಂತ. ಇವತ್ತೊಂದಿನ ನನ್ ಜೊತೆ ಕೂತು ನೋಡಮ್ಮ."

ಅವಳು ಗೋಡೆಯ ಕಡೆ ತಿರುಗಿದಳು. ಬೆರಳು ಮಾತ್ರ ಗುಂಡಿಯ ಮೇಲೇ ಇತ್ತು.