ದೃಷ್ಟಿಬೊಟ್ಟಿನ ಅಳತೆ

ಮಕ್ಕಳ ಮೈಗೆ ಹಚ್ಚುವ ಕೊಬ್ಬರಿಎಣ್ಣೆಯ ಜಾಹೀರಾತಿಗೆ ಫೋಟೋ ತೆಗೆಯಲು ಬಸರೀಕಟ್ಟೆಯ ಒಂದು ಮನೆಗೆ ಹೋಗಿದ್ದೆ. ಅಜ್ಜಿ ಆಗಷ್ಟೇ ಮೊಮ್ಮಗಳಿಗೆ ಎಣ್ಣೆ ತಿಕ್ಕಿ, ಬಿಸಿನೀರು ಎರೆದು, ಮಡಿಲಲ್ಲಿ ಹಾಕಿಕೊಂಡು ಕೂತಿದ್ದರು. ಮಗುವಿನ ಕೆನ್ನೆ ಮಿರಮಿರ ಮಿಂಚುತ್ತಿತ್ತು. ಆದರೆ ಅದರ ಮೇಲೆ ಮನೆಯಲ್ಲೇ ಮಾಡಿದ ಕಾಡಿಗೆಯ ದೃಷ್ಟಿಬೊಟ್ಟು.

"ಅಜ್ಜಿ, ಇದೊಂದು ಒರೆಸಬಹುದಾ? ಕಂಪನಿಯವರಿಗೆ ಕೆನ್ನೆ ಚೊಕ್ಕ ಕಾಣಬೇಕಂತೆ."

"ಫೋಟೋ ಎಷ್ಟು ಜನ ನೋಡ್ತಾರೆ ಮಾರಾಯ್ತಿ?"

"ಸಾವಿರಾರು ಜನ," ಎಂದೆ ಹೆಮ್ಮೆಯಿಂದ.

ಅಜ್ಜಿ ಗಾಬರಿಯಾದರು. "ಅಷ್ಟು ಜನವಾ? ಹಂಗಾರೆ ಇದು ಎಂತಕ್ಕೂ ಸಾಲ್ದು!" ಎಂದು ಡಬ್ಬಿ ತೆಗೆದು ಬೊಟ್ಟನ್ನು ಇನ್ನೂ ದೊಡ್ಡದು ಮಾಡಿದರು. ಒಳಕೋಣೆಯಲ್ಲಿ ಮಲಗಿದ್ದ ಬಾಣಂತಿ ಕಿಸಕ್ಕನೆ ನಕ್ಕಳು. ನಾನು ಸೋತು ಹಾಗೆಯೇ ಫೋಟೋ ತೆಗೆದೆ.

ಹೊರಡುವಾಗ ಅಜ್ಜಿ ಹತ್ತಿರ ಕರೆದರು. "ನೀನೂ ಒಬ್ಳೇ ಊರೂರು ತಿರುಗೋಳು," ಎನ್ನುತ್ತಾ ಡಬ್ಬಿಗೆ ಬೆರಳದ್ದಿ ನನ್ನ ಕಿವಿಯ ಹಿಂದೊಂದು ಬೊಟ್ಟಿಟ್ಟರು. ಮೂವತ್ತೈದು ದಾಟಿದ ನನಗೆ ಯಾರು ದೃಷ್ಟಿ ಹಾಕುತ್ತಾರೋ! ಅಮ್ಮ ಹೋದಮೇಲೆ ಆ ಜಾಗವನ್ನು ಯಾರೂ ಮುಟ್ಟಿರಲಿಲ್ಲ.

ಮಗುವಿನ ಬೊಟ್ಟನ್ನು ಕಂಪನಿಯವರು ಕಂಪ್ಯೂಟರಿನಲ್ಲಿ ಸಲೀಸಾಗಿ ಅಳಿಸಿಬಿಟ್ಟರು. ನನ್ನದು ಮಾತ್ರ ಸುಮಾರು ದಿನ ಉಳಿಯಿತು. ಸ್ನಾನ ಮಾಡುವಾಗ ಆ ಕಿವಿಯ ಹಿಂದಕ್ಕೆ ಸೋಪು ಹೋಗದಂತೆ ನಾನೇ ನೋಡಿಕೊಂಡೆ.